ನೂರ ಇಪ್ಪತ್ತೆಂಟು ಪುಟ

ಫೋನಿಗೆ ಜೋಡಿಸಿದ್ದ ತೂಕದ ಯಂತ್ರ ಮೊದಲು ಮೂರು ಕಿಲೋ ನೂರ ಇಪ್ಪತ್ತು ಗ್ರಾಂ ಎಂದಿತು. ಮಗುವನ್ನು ಎತ್ತಿ ಮತ್ತೆ ಮಲಗಿಸಿದರೆ ಮೂರು ಕಿಲೋ ಆರುನೂರು. ಮೂರನೇ ಸಲ ತೂಕದ ಗೊಡವೆಗೇ ಹೋಗದೆ, ಫೋನಿನಲ್ಲಿ ಹೊಸ ಪಾಸ್‌ವರ್ಡ್ ಕೊಡಿ ಎಂದು ಹಟ ಹಿಡಿದು ಕೂತಿತು. ಬ್ಯಾಟರಿ ಬದಲಾಯಿಸಿದ್ದಾಯಿತು, ಫೋನನ್ನು ಆರಿಸಿ ಮತ್ತೆ ಹಚ್ಚಿದ್ದಾಯಿತು. ಬಾಣಂತಿ ಮಗಳ ತಲೆಯಲ್ಲಿ ಮಾತ್ರ ಆ ಮೊದಲ ಅಂಕಿಯೇ ಕಚ್ಚಿಕೊಂಡಿತ್ತು. ಕಳೆದ ಶನಿವಾರ ಮೂರು ಕಿಲೋ ಇನ್ನೂರ ನಲವತ್ತು ಇದ್ದ ಕೂಸು ಇಳಿದುಹೋಗಿದೆಯೆ? "ಈ ವಾರವೂ ಏರದಿದ್ದರೆ ಡಬ್ಬಿ ಹಾಲು ಶುರು ಮಾಡೋಣ" ಎಂದು ಹೇಳಿಹೋಗಿದ್ದ ದಾದಿ ಬರುವುದು ಸೋಮವಾರ. ತನ್ನ ಹಾಲು ಸಾಲುತ್ತಿಲ್ಲವೇನೋ ಎಂಬ ಸಂಶಯವನ್ನು ಇನ್ನೆರಡು ದಿನ ಹೊತ್ತು ತಿರುಗುವುದು ಅವಳಿಂದ ಆಗದ ಮಾತು.

"ಅಪ್ಪ, ಕೆಟ್ಟಿರೋದು ಇದಾ, ಇಲ್ಲ ಗುಂಡ ನಿಜವಾಗ್ಲೂ ಇಳಿದಿದ್ದಾನಾ?" ಗುಂಡ ಎನ್ನುವುದು ಅಜ್ಜಿಯ ಆಸೆ ಇಟ್ಟ ಹೆಸರು, ಮೈ ಇನ್ನೂ ಹೆಸರಿಗೆ ತಕ್ಕಂತೆ ತುಂಬಬೇಕಿತ್ತು.

ಮೂವತ್ತು ವರ್ಷ ಕಾಲೇಜಿನ ಭೌತಶಾಸ್ತ್ರ ಪ್ರಯೋಗಾಲಯ ನೋಡಿಕೊಂಡಿದ್ದ ಅಪ್ಪ ಕನ್ನಡಕ ಒರೆಸಿಕೊಂಡರು. "ಎಷ್ಟು ತೂಗ್ತಾನೆ ಅನ್ನೋದು ದೊಡ್ಡ ಪ್ರಶ್ನೆ ಮರಿ. ಹೋದ ವಾರಕ್ಕಿಂತ ಹೆಚ್ಚೋ ಕಡಿಮೆಯೋ ಅನ್ನೋದು ಚಿಕ್ಕದು. ಚಿಕ್ಕದಕ್ಕೆ ಪಾಸ್‌ವರ್ಡ್ ಬೇಕಾಗಿಲ್ಲ. ಆ ಕಿಟಕಿ ಪರದೆ ಕೋಲು ಬಿಚ್ಚು."

"ರೀ, ನನ್ನ ಮೊಮ್ಮಗನ ಮೇಲೆ ಪ್ರಯೋಗ ಗಿಯೋಗ ಬೇಡ!" ಅಡುಗೆಮನೆಯಿಂದ ಅಮ್ಮನ ದನಿ.

"ಪ್ರಯೋಗ ಅಲ್ವೇ, ತಕ್ಕಡಿ."

ತೊಟ್ಟಿಲಿಗೆಂದು ಸೂರಿಗೆ ಹಾಕಿಸಿದ್ದ ಕೊಕ್ಕೆಗೆ ಕೋಲಿನ ನಡುವನ್ನು ಹಗ್ಗದಿಂದ ತೂಗುಹಾಕಿದರು. ಎರಡು ತುದಿಗೂ ಒಂದೇ ಅಳತೆಯ ಬೆತ್ತದ ಬುಟ್ಟಿಗಳು, ಕೆಳಗಿನ ಹಾಸಿಗೆಯಿಂದ ನಾಲ್ಕೇ ಬೆರಳು ಮೇಲೆ. ಬುಟ್ಟಿಗಳನ್ನು ಅದಲುಬದಲು ಮಾಡಿ, ಕೋಲು ವಾಲುವುದಿಲ್ಲ ಎಂದು ಎರಡೆರಡು ಸಲ ನೋಡಿಕೊಂಡರು. ಮೇಜಿನ ಮೇಲೆ ಪೆನ್ನು ನಿಲ್ಲಿಸಲು ಇಟ್ಟುಕೊಂಡಿದ್ದ ಅರ್ಧ ಲೀಟರಿನ ಅಳತೆಗಾಜನ್ನು ತೊಳೆದು, ಕಣ್ಣು ಗೆರೆಯ ಮಟ್ಟಕ್ಕೆ ತಗ್ಗಿಸಿ, ಆರು ಸಲ ನೀರು ಅಳೆದು ಮೂರು ಬಾಟಲಿ ತುಂಬಿದರು: ಮೂರು ಕಿಲೋ. ಬಾಟಲಿಯ ಸ್ವಂತ ತೂಕ ಲೆಕ್ಕ ಕೆಡಿಸಬಾರದೆಂದು ಅಂಥವೇ ಮೂರು ಖಾಲಿ ಬಾಟಲಿಗಳನ್ನು ಮಗುವಿನ ಕಡೆಯ ತುದಿಗೆ ಕಟ್ಟಿದರು. ಉಳಿದದ್ದು ಇನ್ನೂರ ನಲವತ್ತು ಗ್ರಾಂ.

"ಮುದ್ರಣದ ಕಾಗದ ತಾ. ಚದರ ಮೀಟರಿಗೆ ಎಂಬತ್ತು ಗ್ರಾಂ ಅಂತ ಕಟ್ಟಿನ ಮೇಲೇ ಇದೆ. ಹದಿನಾರು ಹಾಳೆ ಸೇರಿದ್ರೆ ಒಂದು ಚದರ ಮೀಟರ್. ಹಾಳೆಗೆ ಐದು ಗ್ರಾಂ."

ಕಟ್ಟಿನಲ್ಲಿ ಉಳಿದಿದ್ದದ್ದೇ ಐವತ್ತು ಹಾಳೆ. ಮಗಳು ಬೆರಳಿಗೆ ಉಗುಳು ಹಚ್ಚಿಕೊಳ್ಳಲು ಹೋದಳು. "ಒದ್ದೆ ಮಾಡ್ಬೇಡ, ತೂಕ!" ಎಂದರು ಅಪ್ಪ. ಒಣ ಬೆರಳಲ್ಲೇ ನಲವತ್ತೆಂಟು ಎಣಿಸಿ ನೀರಿನ ಬುಟ್ಟಿಗಿಟ್ಟಳು. ಅಲ್ಲಿಗೆ ಹೋದ ಶನಿವಾರದ ಗುಂಡ ಒಂದು ಬುಟ್ಟಿಯಲ್ಲಿ ಕೂತಂತಾಯಿತು. ಈ ಶನಿವಾರದ ಗುಂಡನೂ ಹೋದ ವಾರದಂತೆಯೇ ಆಗಷ್ಟೇ ಹಾಲು ಕುಡಿದು ಮತ್ತೇರಿದ್ದ. ಒಂದೇ ಬಟ್ಟೆ ಸುತ್ತಿ ಅವನನ್ನು ಇನ್ನೊಂದರಲ್ಲಿ ಮಲಗಿಸಿ, ಅಂಥದೇ ಬಟ್ಟೆಯನ್ನು ಆಚೆಯದಕ್ಕೂ ಹಾಕಿದರು.

ಅಪ್ಪ ಕೋಲನ್ನು ಬಿಟ್ಟರು. ಮಗುವಿನ ಬುಟ್ಟಿ ಮೇಲೆಯೇ ನಿಂತಿತು. ನೀರಿನದು ನಿಧಾನವಾಗಿ ಇಳಿದು ಹಾಸಿಗೆ ಮುಟ್ಟಿತು.

ಮಗಳು ತುಟಿ ಕಚ್ಚಿ, ಮಗುವಿನ ಸಣ್ಣ ಕಾಲುಗಳನ್ನೇ ನೋಡುತ್ತ ನಿಂತಳು. ಅಪ್ಪ ಬಗ್ಗಿ ಅವನ ಬುಟ್ಟಿಯ ಅಡಿಗೆ ಇಣುಕಿದರು.

"ಏನೇ ಅದು ಕೈ?"

ಅಮ್ಮ ಯಾವಾಗ ಬಂದು ಹಾಸಿಗೆಯ ಅಂಚಿನಲ್ಲಿ ಕೂತಿದ್ದರೋ, ಬುಟ್ಟಿಯ ಬುಡಕ್ಕೆ ಎರಡು ಬೆರಳು ಆನಿಸಿದ್ದರು. "ಬಿದ್ದುಗಿದ್ದರೆ ಅಂತ ಸುಮ್ನೆ ಹಿಡ್ಕೊಂಡಿದ್ದೀನಿ."

"ಅಮ್ಮಾ! ಬಿಡೇ!"

ಬೆರಳು ತೆಗೆದದ್ದೇ ತಡ, ಗುಂಡನ ಬುಟ್ಟಿ ದೊಡ್ಡ ಮನುಷ್ಯನ ಗತ್ತಿನಲ್ಲಿ ಕೆಳಗಿಳಿದು ಹಾಸಿಗೆಯ ಮೇಲೆ ಕೂತಿತು. ಮಗಳು ನಕ್ಕಳು, ನಗುತ್ತಲೇ ಕಣ್ಣೊರೆಸಿಕೊಂಡಳು.

"ತಡಿ, ಎಷ್ಟು ಹೆಚ್ಚಿದ್ದಾನೆ ನೋಡೋಣ. ಹಾಳೆ ಉಳಿದಿರೋದು ಎರಡೇ, ಪುಸ್ತಕ ಹಾಕು," ಎಂದರು ಅಪ್ಪ. ದಪ್ಪ ಕಾದಂಬರಿ ಹೆಚ್ಚಾಯಿತು, ಬಸ್ಸಿನ ವೇಳಾಪಟ್ಟಿಯ ಪುಸ್ತಿಕೆ ಏತಕ್ಕೂ ಸಾಲಲಿಲ್ಲ. ಕಿಟಕಿಯ ಕಟ್ಟೆಯ ಮೇಲೆ, ಹೆರಿಗೆಗೆ ಹೊರಟ ದಿನ ಮಗಳು ಮೂವತ್ತೊಂದನೇ ಪುಟದಲ್ಲಿ ಗುರುತಿಟ್ಟು ಬಿಟ್ಟಿದ್ದ ತೆಳ್ಳನೆಯ ಪುಸ್ತಕವಿತ್ತು. ಅದನ್ನು ಇಟ್ಟಳು. ಕೋಲು ಎರಡು ಸಲ ತೂಗಾಡಿ, ಮಟ್ಟವಾಗಿ ನಿಂತಿತು.

"ನೂರ ಇಪ್ಪತ್ತೆಂಟು ಪುಟ ಅಂದ್ರೆ ಅರವತ್ನಾಲ್ಕು ಅರ್ಧ ಹಾಳೆ. ನೂರ ಅರವತ್ತು ಗ್ರಾಂ, ರಟ್ಟಿಗೆ ಹತ್ತು. ನೂರ ಎಪ್ಪತ್ತು! ಹತ್ತು ಗ್ರಾಂ ಆಚೀಚೆ ಅಂತಲೂ ಬರ್ಕೋ," ಎಂದರು ಅಪ್ಪ. "ನಿನ್ನ ಹಾಲಿಗೆ ಏನೂ ಆಗಿಲ್ಲ."

ಗುಂಡ ಹಾಗೇ ಗಾಳಿಯಲ್ಲಿ ನಿದ್ದೆಹೋಗಿದ್ದ. ಎಷ್ಟೋ ದಿನದ ಮೇಲೆ ಮಗಳಿಗೆ ಕಾಲು ಚಾಚಿ ಕೂತು ಓದಬೇಕೆನಿಸಿತು. ಪುಸ್ತಕಕ್ಕೆ ಕೈ ಹಾಕಿ ಚೂರು ಎತ್ತಿದಳಷ್ಟೇ, ಮಗುವಿನ ಬುಟ್ಟಿ ಅಲುಗಿತು. ಗುಂಡನ ಮುಖ ಅಳುವಿಗೆ ತಯಾರಾಯಿತು. ತಟ್ಟನೆ ಮತ್ತೆ ಇಟ್ಟಳು.

"ಅಪ್ಪ," ಎಂದಳು ಪಿಸುದನಿಯಲ್ಲಿ, "ನೂರ ಇಪ್ಪತ್ತೆಂಟು ಪುಟದ್ದು ಇನ್ನೊಂದು ಪುಸ್ತಕ ಇದೆಯಾ?"

ಅಪ್ಪ ಕಪಾಟಿನ ಮುಂದೆ ಮಂಡಿಯೂರಿ, ಒಂದೊಂದೇ ಪುಸ್ತಕದ ಕಡೆಯ ಪುಟ ತೆರೆದು ನೋಡತೊಡಗಿದರು.

"ಏನ್ರೀ," ಎಂದರು ಅಮ್ಮ, ಕೈಗಳನ್ನು ಮಡಿಲಲ್ಲಿ ಭದ್ರವಾಗಿ ಇಟ್ಟುಕೊಂಡು, "ಕೊನೇ ಪುಟ ಮೊದಲು ನೋಡ್ತೀನಿ ಅಂತ ಮೂವತ್ತು ವರ್ಷ ನನ್ನ ಬೈದವರು ನೀವೇ ಅಲ್ವಾ?"