ಜರಡಿಗೆ ಸಿಕ್ಕ ಹಲ್ಲು

ಅಗೆತದ ಕೂಲಿಯಾಳು ಲೊಪೆಯೊಕ್ ಮಣ್ಣಿನ ಕೈಗಾಡಿಯನ್ನು ಕೊರಕಲಿಗೆ ಸುರಿಯಲೆಂದು ಹಿಡಿ ಎತ್ತಿದ್ದೇ ತಡ, ಮಣ್ಣು ಜರಡಿ ಹಿಡಿಯುವ ನಚಾಮಿ ಹೋಗಿ ಆ ಮಣ್ಣಿನ ಮೇಲೆಯೇ ಕುಳಿತುಬಿಟ್ಟಳು. ಅದೇ ಮಣ್ಣಿನ ಒಂದು ಹಿಡಿಯನ್ನು ಆಗಷ್ಟೇ ತೊಳೆದಿದ್ದ ಸಣ್ಣ ಕಣ್ಣಿನ ಜರಡಿ ಅವಳ ತೊಡೆಯ ಮೇಲಿತ್ತು.

"ಏಳಕ್ಕ. ದೊಡ್ಡ ಮೂಳೆ ಸಿಗದ ಮಣ್ಣು ಚೆಲ್ಲು ಅಂದಿದಾರೆ ಡಾಕ್ಟ್ರು."

"ನನ್ನೂ ಸೇರಿಸಿ ಚೆಲ್ಲು."

ಡಾಕ್ಟರ್ ಮುಟಿಸೊ ಡೇರೆಯಿಂದ ಹೊರಬಂದರು. ಆದಿಮಾನವರ ಮೂಳೆ ಹುಡುಕಿಕೊಂಡು ನೈರೋಬಿಯಿಂದ ತುರ್ಕಾನಾಕ್ಕೆ ಬಂದವರು ಅವರು. ಈ ದಿಬ್ಬ ಇಪ್ಪತ್ತು ಲಕ್ಷ ವರ್ಷದ ಹಿಂದೆಯೂ ಹೀಗೇ ಬೆಂಗಾಡಾಗಿತ್ತೆಂದು ವರದಿಯಲ್ಲಿ ಆಗಲೇ ಬರೆದಾಗಿತ್ತು.

"ಕುಡಿಯೋಕೇ ನೀರಿಲ್ಲ, ನೀನು ಮಣ್ಣು ತೊಳೀತಿದೀಯಾ?"

"ನನ್ನ ಪಾಲಿನ ನೀರು, ಡಾಕ್ಟ್ರೇ. ಕುಡೀತೀನೋ, ಮಣ್ಣಿಗೆ ಹುಯ್ತೀನೋ, ನನ್ನಿಷ್ಟ."

ಹುಲ್ಲುಕಡ್ಡಿಯ ತುದಿಯನ್ನು ನಾಲಗೆಗೆ ತಾಗಿಸಿಕೊಂಡು, ಜರಡಿಯಿಂದ ಜೋಳದ ಕಾಳಿನಷ್ಟು ಚೂರೊಂದನ್ನು ಅದಕ್ಕೆ ಅಂಟಿಸಿ ಎತ್ತಿ ಅಂಗೈಗಿಟ್ಟು ಚಾಚಿದಳು.

"ಜೊಂಡಿಲಿ ಹಲ್ಲು, ಜೊಂಡು ತಿನ್ನೋ ದೊಡ್ಡ ಇಲೀದು. ಮೂರು ಗೀರಿದೆ, ಎಣಿಸ್ಕೊಳ್ಳಿ. ನಮ್ಮ ತವರಲ್ಲಿ ಹೊಳೆ ದಂಡೇಲಿ ಹಿಡಿದು ಸುಟ್ಟು ತಿಂತೀವಿ. ನೀರೂ ಜೊಂಡೂ ಇಲ್ಲದ ಕಡೆ ಇದು ಒಂದು ದಿನ ಬಾಳಲ್ಲ. ಇಲಿ ಸುಳ್ಳು ಹೇಳ್ತಾ, ನಿಮ್ಮ ವರದಿ ಹೇಳ್ತಾ?"

ಡಾಕ್ಟರು ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದರು. ಆ ಹಲ್ಲು ಕಲ್ಲಾಗಿತ್ತು, ಗೀರು ಮಾತ್ರ ಮಾಸಿರಲಿಲ್ಲ.

"ಹೊಳೆ ಇತ್ತು ಇಲ್ಲಿ," ಎಂದರು ತಮಗೆ ತಾವೇ. "ಏಳಮ್ಮ. ಈ ಮಣ್ಣನ್ನ ಯಾರೂ ಚೆಲ್ಲಲ್ಲ."

ನಚಾಮಿ ಏಳಲಿಲ್ಲ. "ಉಳಿದ ಮಣ್ಣಿಗೆ ನನ್ನ ನೀರು ಸಾಲ್ದು," ಎಂದು ಅವರ ಸೊಂಟದ ಬಾಟಲಿಯತ್ತ ಕೈ ಚಾಚಿದಳು.

ನಡುಮಧ್ಯಾಹ್ನದ ಆ ಬಿಸಿಲಿನಲ್ಲಿ ಡಾಕ್ಟರು ಒಂದು ಗುಟುಕೂ ಕುಡಿಯದೆ ಬಾಟಲಿಯ ಮುಚ್ಚಳ ತೆರೆದುಕೊಟ್ಟರು.