ಹತ್ತೊಂಬತ್ತನೇ ತಿರುವು

ಹದಿನೇಳನೇ ತಿರುವಿನಲ್ಲೂ ಮಾವ ಸೈಕಲ್ ನಿಲ್ಲಿಸಿದಾಗ ಅಳಿಯ ಜೀಪಿಗೆ ಫೋನ್ ಮಾಡಿಯೇಬಿಟ್ಟ.

ಬೆಳಿಗ್ಗೆ ಏಳಕ್ಕೆ ಬೆಟ್ಟದ ಬುಡ ಬಿಟ್ಟ ಮೇಲೆ ಒಂದೇ ಒಂದು ತಿರುವನ್ನೂ ಮಾವ ನಿಲ್ಲದೆ ದಾಟಿರಲಿಲ್ಲ. ಸೈಕಲನ್ನು ತಡೆಗೋಡೆಗೆ ಒರಗಿಸುವುದು, ಕಾಡಿನ ಕಡೆ ಮುಖ ಮಾಡಿ ನಿಲ್ಲುವುದು, ಎರಡು ಮೂರು ನಿಮಿಷ ತುಟಿ ಪಿಟಕ್ಕೆನ್ನದಿರುವುದು. ಒಂಬತ್ತನೆಯದರಲ್ಲಿ ಕೈ ಎದೆಯ ಮೇಲೆ ಹೋಗಿತ್ತು. ಅಳಿಯ ಆಸ್ಪತ್ರೆಯಲ್ಲಿ ಇಸಿಜಿ ತೆಗೆಯುವವನು. ದಿನಕ್ಕೆ ನಲವತ್ತು ಎದೆ ನೋಡುವವನಿಗೆ, ಅರವತ್ತೆರಡರ ಮನುಷ್ಯ ಏರುದಾರಿಯಲ್ಲಿ ಎದೆ ಮುಟ್ಟಿಕೊಂಡರೆ ಏನು ಹೊಳೆಯಬೇಕೋ ಅದೇ ಹೊಳೆಯಿತು. ಮೂರು ದಿನದ ಈ ಸೈಕಲ್ ಪ್ರವಾಸ ಮಾವನ ಹಟ. ಹೊರಡುವಾಗ ಹೆಂಡತಿ ಅಂದಿದ್ದಳು: "ನಮ್ಮಪ್ಪನ್ನ ಹೇಗೆ ಕರ್ಕೊಂಡು ಹೋಗ್ತೀರೋ ಹಾಗೇ ವಾಪಸ್ ತರಬೇಕು, ಅಷ್ಟೇ."

"ಮಾವ, ಕೈ ಕೊಡಿ ಇಲ್ಲಿ." ಅಳಿಯ ನಾಡಿ ಹಿಡಿದು ಗಡಿಯಾರ ನೋಡಿದ.

"ಎಷ್ಟಿದೆ?"

"ತೊಂಬತ್ತಾರು."

"ನಿಮ್ಮದು?"

ಅಳಿಯ ತನ್ನದನ್ನು ಎಣಿಸಿಕೊಳ್ಳಲಿಲ್ಲ. ಎಣಿಸದಿದ್ದರೂ ಅದು ಕಿವಿಯಲ್ಲೇ ಡಬಡಬ ಬಡಿಯುತ್ತಿತ್ತು. "ಸಾಕು ಮಾವ. ಸೈಕಲ್ ಬಾಡಿಗೆಯವರ ಜೀಪ್ ಬರ್ತಿದೆ. ಇನ್ನು ನಾಲ್ಕೇ ತಿರುವು, ಹತ್ತು ನಿಮಿಷದಲ್ಲಿ ಮೇಲಿರ್ತೀವಿ."

ಮಾವನ ಮುಖದ ಕಳೆ ಇಳಿಯಿತು. "ಹತ್ತೊಂಬತ್ತು ದಾಟೋವರೆಗಾದ್ರೂ ಬಿಡಿ ಅಳಿಯಂದ್ರೇ. ಆಮೇಲೆ ಜೀಪಿಗೆ ಹಾಕ್ತೀರೋ, ಮೂಟೆ ಕಟ್ತೀರೋ, ನಿಮ್ಮಿಷ್ಟ."

"ಹತ್ತೊಂಬತ್ತರಲ್ಲಿ ಏನಿದೆ?"

"ಗೊತ್ತಿಲ್ಲ."

"ಗೊತ್ತಿಲ್ವಾ? ಇಪ್ಪತ್ತೆಂಟು ವರ್ಷ ಇದೇ ರಸ್ತೇಲಿ ಬಸ್ ಓಡಿಸಿದೀರಿ!"

"ಓಡಿಸಿದ್ದಕ್ಕೇ ಗೊತ್ತಿಲ್ಲ." ಮಾವ ಕನ್ನಡಕ ತೆಗೆದು ಅಂಗಿಯ ಚುಂಗಿನಲ್ಲಿ ಬೆವರು ಒರೆಸಿದರು. "ನಾನು ನೋಡಿದ್ದು ಟಾರು, ಬಿಳಿ ಗೆರೆ, ಎದುರಿಂದ ಬರೋ ಲಾರಿ. ಕಣ್ಣು ಅತ್ತ ಹೋದ್ರೆ ಐವತ್ತು ಜನನೂ ಅತ್ತಲೇ ಹೋಗ್ತಾರೆ. ಒಂದೊಂದು ತಿರುವಲ್ಲೂ ಹಿಂದೆ ಕೂತವರು 'ಅಬ್ಬಬ್ಬಾ' ಅನ್ನೋರು, 'ಅಲ್ ನೋಡೇ' ಅನ್ನೋರು. ಯಾತಕ್ಕೆ ಅಂದ್ರು ಅಂತ ಇವತ್ತು ಒಂದೊಂದಾಗಿ ತಿಳ್ಕೊಂಡು ಬರ್ತಿದೀನಿ. ಹತ್ತೊಂಬತ್ತರಲ್ಲಿ ಮಾತ್ರ ಬಸ್ಸಿಗೆ ಬಸ್ಸೇ ಸುಮ್ಮನಾಗಿಬಿಡೋದು. ರಚ್ಚೆ ಹಿಡಿದ ಮಕ್ಕಳೂ ಬಾಯಿ ಮುಚ್ಚೋವು."

"ಮತ್ತೆ ಒಂಬತ್ತರಲ್ಲಿ ಎದೆ ಹಿಡ್ಕೊಂಡ್ರಲ್ಲ?"

"ಕನ್ನಡಕ ಜೇಬಲ್ಲಿತ್ತು."

ಅಳಿಯನಿಗೆ ನಗಬೇಕೋ ಸಿಟ್ಟಾಗಬೇಕೋ ತಿಳಿಯಲಿಲ್ಲ. "ಇದನ್ನ ಬೆಳಿಗ್ಗೇನೇ ಹೇಳಬಾರದಿತ್ತಾ?"

"ಹೇಗೆ ಹೇಳ್ಲಿ? ಅಡುಗೆಯವನೇ ಸಾರಿನ ರುಚಿ ಗೊತ್ತಿಲ್ಲ ಅಂದ ಹಾಗಾಗುತ್ತೆ. ನಗಲ್ವಾ ನೀವು?"

ಅಷ್ಟರಲ್ಲಿ ಜೀಪು ಬಂದು, ತಿರುವು ದಾಟಿ ರಸ್ತೆ ಅಗಲವಾದಲ್ಲಿ ನಿಂತಿತು. ಡ್ರೈವರ್ ಎಂಜಿನ್ ಆರಿಸದೆ ತಲೆ ಹೊರಹಾಕಿದ. "ಹುಷಾರಿಲ್ದೇ ಇರೋರು ಯಾರು ಸಾರ್? ಇಬ್ಬರಲ್ಲಿ ನೀವೇ ಜಾಸ್ತಿ ಬಾಡಿದೀರಿ."

"ಇವರು ಹತ್ತೊಂಬತ್ತನೇ ತಿರುವು ನೋಡಬೇಕಂತೆ. ಅಲ್ಲಿ ಎರಡು ನಿಮಿಷ ನಿಲ್ಲಿಸ್ತೀರಾ?"

"ಅದು ಇಕ್ಕಟ್ಟು, ಗಾಡಿ ನಿಲ್ಲಿಸೋ ಹಾಗಿಲ್ಲ. ನಿಧಾನ ಹೋಗ್ತೀನಿ, ಯಜಮಾನ್ರು ಕಿಟಕೀಲಿ ನೋಡ್ಕೊಳ್ಲಿ."

"ಕಿಟಕಿ ಪಕ್ಕ ಕೂರಿಸಿದ್ರೂ ನನ್ನ ಕಣ್ಣು ರಸ್ತೆ ಬಿಡಲ್ಲಪ್ಪ," ಎಂದರು ಮಾವ. "ರಿಟೈರ್ ಆಗಿ ನಾಲ್ಕು ವರ್ಷ ಆಯ್ತು. ಯಾರ ಕಾರಲ್ಲಿ ಕೂತ್ರೂ ಇನ್ನೂ ಬರೀ ನೆಲಕ್ಕೆ ಬ್ರೇಕ್ ತುಳೀತೀನಿ. ಬಸ್ಸೆಲ್ಲ ಸುಮ್ಮನಾಗೋ ಜಾಗ ಅದು. ಕಾಲ ಮೇಲೆ ನಿಂತು ನೋಡಬೇಕು ನಾನು."

ಡ್ರೈವರ್ ಎಂಜಿನ್ ಆರಿಸಿದ.

"ಹತ್ತೊಂಬತ್ತರಲ್ಲಿ ನನ್ನ ಜೀಪಲ್ಲೂ ಸುಮ್ಮನಾಗ್ತಾರೆ. ಹನ್ನೊಂದು ವರ್ಷದಿಂದ ನೋಡ್ತಿದೀನಿ. ನನ್ನ ಡ್ರೈವಿಂಗಿಗೆ ಹೆದರ್ತಾರೆ ಅನ್ಕೊಂಡಿದ್ದೆ."

ಜೀಪಿಗೆ ಎತ್ತಿ ಹಾಕಲೆಂದು ಮಾವನ ಸೈಕಲ್ಲಿನ ಸೀಟು ಹಿಡಿದಿದ್ದ ಅಳಿಯ ಕೈ ಬಿಟ್ಟ. ಮಾವ ಕನ್ನಡಕ ಏರಿಸಿ, ಅತಿ ಹಗುರದ ಗೇರಿಗೆ ಹಾಕಿ ಪೆಡಲ್ ತುಳಿದರು. ಸೈಕಲ್ ಒಮ್ಮೆ ಆಚೀಚೆ ವಾಲಿ ನೆಟ್ಟಗಾಯಿತು.

ಅಳಿಯ ಆ ಬೆನ್ನನ್ನೇ ನೋಡಿದ. ದಿನಕ್ಕೆ ಎರಡು ಸಲ ಹತ್ತಿ ಎರಡು ಸಲ ಇಳಿದು, ವರ್ಷಕ್ಕೆ ಮುನ್ನೂರು ದಿನವೆಂದರೂ, ಈ ಮನುಷ್ಯ ಹತ್ತೊಂಬತ್ತನೇ ತಿರುವನ್ನು ಮೂವತ್ತಮೂರು ಸಾವಿರ ಸಲ ದಾಟಿದ್ದಾರೆ. ಮೂವತ್ತಮೂರು ಸಾವಿರ ಸಲವೂ ಕತ್ತು ಹೊರಳಿಸಿಲ್ಲ. ಮನೆಯಲ್ಲಿ ಯಾರೂ, ಅವರ ಮಗಳೂ ಕೂಡ, ಇದನ್ನು ದೊಡ್ಡ ಸಂಗತಿಯೆಂದು ಹೇಳಿದ್ದು ಅವನಿಗೆ ನೆನಪಿಲ್ಲ. ಅವನು ತನ್ನ ಸೈಕಲ್ ಹತ್ತಿ, ಮುಂದೆ ಹೋಗದಂತೆ ಎಚ್ಚರ ವಹಿಸಿ, ಹಿಂದೆ ಹಿಂದೆಯೇ ತುಳಿಯತೊಡಗಿದ.

ಹಿಂದಿನಿಂದ ಧಪ್ಪೆಂದು ಜೀಪಿನ ಬಾಗಿಲು ಹಾಕಿದ ಸದ್ದು. ತಿರುಗಿದರೆ, ಡ್ರೈವರ್ ಹಿಂದಿನ ಚಕ್ರಕ್ಕೆ ದಪ್ಪ ಕಲ್ಲೊಂದು ಕೊಟ್ಟು, ಕೈ ಕೊಡವಿಕೊಂಡು ಏರು ಹತ್ತಿ ಬರುತ್ತಿದ್ದ.

"ನೀವೆಲ್ಲಿಗೆ?"

"ನೀವು ತುಳೀರಿ ಸಾರ್. ನಿಮ್ಮ ಸ್ಪೀಡಿಗೆ ನಾನು ನಡೆದ್ರೂ ಸಾಕು."