ನಮ್ಮ ಬಾಗಿಲ ಮುಂದೆ ಸುಮ್ಮನಾದ ಹಲಗೆ

ಬಾರಿಸುವ ಮುನ್ನ ಬೆಂಕಿಗೆ ಹಿಡಿದು ಕಾಯಿಸಿದ ಹಲಗೆಯ ತೊಗಲಿನ ವಾಸನೆ ಬಂದರೆ ಸಾಕು, ಇವತ್ತಿಗೂ ನಾನು ಬೆಟಗೇರಿಯ ನಮ್ಮ ಮನೆಯ ಕಟ್ಟೆಯ ಮೇಲೆ ಹೋಗಿ ಕೂತುಬಿಡುತ್ತೇನೆ.

ಆ ವರ್ಷ ಸಂಕ್ರಾಂತಿ ಮುಗಿದ ಮೇಲೆ ಅಪ್ಪ ತೀರಿಕೊಂಡಿದ್ದ. ಹೋಳಿಯ ಸೋಗಿನ ಬಂಡಿಯಲ್ಲಿ ಪ್ರತಿ ಸಲ ಕಾಮಣ್ಣನ ಹೆಂಡತಿ ರತಿಯ ವೇಷ ಹಾಕುತ್ತಿದ್ದವನು ಅವನೇ. ಮೀಸೆ ಬೋಳಿಸಿ, ಸೀರೆ ಉಟ್ಟು, ನಮ್ಮ ಬಾಗಿಲಿಗೆ ಬಂದ ಕೂಡಲೇ ಅವ್ವನ ಕಡೆ ನೋಡಿ ನಾಚುತ್ತಿದ್ದ. ಓಣಿಯೆಲ್ಲ ನಗುತ್ತಿತ್ತು, ಅವ್ವನೂ ಸೆರಗು ಬಾಯಿಗಿಟ್ಟು ನಗುತ್ತಿದ್ದಳು.

ಹೋಳಿಯ ದಿನ ಬಂತು. "ಈ ವರ್ಷ ಬಣ್ಣ ಮುಟ್ಟಬ್ಯಾಡವಾ. ಸುಮ್ನ ಕುಂತು ನೋಡು," ಅಂದಳು ಅಪ್ಪನ ತಾಯಿ, ನಮ್ಮ ಆಯಿ. ನಾನು ಕೂತೆ. ಬಂಡಿ ಬಂದು ಹಲಗೆ ಜೋರಾದರೆ, ಅಪ್ಪ ಹೋದಾಗಿನಿಂದ ಒಳಗೇ ಕೂತಿದ್ದ ಅವ್ವ ಆ ಕತ್ತಲೆಯಿಂದ ಎದ್ದು ಬಂದೇ ಬರುತ್ತಾಳೆ ಅಂತ ನನ್ನ ನಂಬಿಕೆ.

ಹುಡುಗರು ಹೋಳಿಯ ವಾಡಿಕೆಯಂತೆ ಲಬೋ ಲಬೋ ಎಂದು ಬಾಯಿ ಬಡಿದುಕೊಳ್ಳುತ್ತ ಮೂಲೆ ತಿರುಗಿದರು. ಪಕ್ಕದ ಮನೆ ದಾಟುತ್ತಲೇ ಹಿರಿಯರೊಬ್ಬರು ಕೈ ಎತ್ತಿದರು. ಹಲಗೆ ನಿಂತವು. ಗಾಲಿಯ ಸದ್ದೊಂದೇ ಉಳಿಯಿತು. ಬಂಡಿಯ ಮೇಲಿದ್ದ ಹೊಸ ರತಿ ನಮ್ಮನ್ನು ಕಂಡು ತಲೆ ತಗ್ಗಿಸಿದ.

"ಬಾರಸ್ರಿ ಕಾಕಾ, ಯಾಕ ನಿಲ್ಲಿಸಿದ್ರಿ?" ಅಂದೆ.

"ನಿಮ್ಮ ಮನಿ ಐತಲ್ಲವಾ," ಅಂದ ಹಲಗೆ ಬಾರಿಸುತ್ತಿದ್ದ ಕಾಕಾ, ನನ್ನ ಮುಖ ನೋಡದೆ.

ಮುಂದಿನ ಮನೆ ಬಂದಾಗ ಬಡಿತ ಮತ್ತೆ ಶುರುವಾಯಿತು. ನಗುವೂ ಕೇಳಿಸಿತು.

ಆಗ ಅವ್ವ ಹೊಸ್ತಿಲಿಗೆ ಬಂದಳು. "ಬಂಡಿ ನಮ್ಮ ಮನಿಗೆ ಬರಲೇ ಇಲ್ಲೇನ?"

"ಬಂದಿತ್ತವಾ. ಹೋತು," ಅಂದೆ ನಾನು.

ಅವಳು ಇಳಿದು ಬಂದು ನೋಡಿದಳು. ನಮ್ಮ ಮನೆ ಮುಂದಿನ ರಸ್ತೆಯ ಮೇಲೆ ಮಾತ್ರ ಬಣ್ಣ ಬಿದ್ದಿರಲಿಲ್ಲ.